ಮೈಯ ಅದುರು, ಮೈಕೈ ನೋವು: ಹೆದರದೆ, ಅಲಕ್ಷಿಸದೆ ಬಾಳುವ ಬಗೆ

ನಮ್ಮ ಸಂಘದ ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಧಾರಣೆ, ಗೊಬ್ಬರದ ಸರಬರಾಜು, ಸಾಲದ ಕಂತು, ಕೊಳೆರೋಗ, ಕಾಂಡಕೊರಕ ಇವುಗಳ ವಿಚಾರವೇ ಇರುತ್ತದೆ. ತೋಟದ ಗಿಡಕ್ಕೆ ಬರುವ ರೋಗದ ಬಗ್ಗೆ ನಾವು ಪುಟಗಟ್ಟಲೆ ಬರೆಯುತ್ತೇವೆ. ತೋಟ ಮಾಡುವವರ ಮೈಗೆ ಬರುವ ತೊಂದರೆಯ ಬಗ್ಗೆ ಬರೆಯುವುದು ಅಪರೂಪ. ಆದರೆ ಕಛೇರಿಗೆ ಬಂದ ಸದಸ್ಯರು ಲೆಕ್ಕದ ಕೆಲಸ ಮುಗಿಸಿ ಬೆಂಚಿನ ಮೇಲೆ ಕುಳಿತು ಆಡುವ ಮಾತಿನಲ್ಲಿ ಎರಡು ದೂರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು, ಕಾಲಿನ ಮೀನಖಂಡವೋ ತೋಳೋ ಕಣ್ಣಿನ ರೆಪ್ಪೆಯೋ ತನ್ನಷ್ಟಕ್ಕೆ ತಾನೇ ಪಟಪಟನೆ ಹಾರುತ್ತದೆ, ತಿಂಗಳುಗಳಾದರೂ ನಿಂತಿಲ್ಲ ಎಂಬುದು. ಇನ್ನೊಂದು, ಮೈಯೆಲ್ಲ ನೋವು, ಆದರೆ ಯಾವ ಪರೀಕ್ಷೆಯಲ್ಲೂ ಏನೂ ಸಿಕ್ಕಿಲ್ಲ ಎಂಬುದು.

ಈ ಎರಡು ತೊಂದರೆಗಳಿಂದ ಜೀವಕ್ಕೆ ಅಪಾಯವಾಗುವುದು ಕಡಿಮೆ. ಆದರೆ ಹೆದರಿಕೆಯಿಂದ, ಊರೂರಿನ ಆಸ್ಪತ್ರೆ ಸುತ್ತುವುದರಿಂದ, ಕಂಡಕಂಡ ಗುಳಿಗೆ ನುಂಗುವುದರಿಂದ ಸಂಸಾರಗಳು ಸೊರಗುವುದನ್ನು ನಾವು ಕಣ್ಣಾರೆ ಕಾಣುತ್ತಿದ್ದೇವೆ. ನಮ್ಮ ಸದಸ್ಯರೊಬ್ಬರು ಒಂದೇ ವರ್ಷದಲ್ಲಿ ಮೂರು ಕಡೆ ಸ್ಕ್ಯಾನಿಂಗ್ ಮಾಡಿಸಿ, ಆ ವರ್ಷದ ಕಾಳುಮೆಣಸಿನ ಹಣವನ್ನೆಲ್ಲ ಅದಕ್ಕೇ ಸುರಿದರು. ಮೂರೂ ವರದಿಗಳು ಒಂದೇ ಮಾತು ಹೇಳಿದವು. ಆದ್ದರಿಂದ ಈ ವಿಷಯವನ್ನು ಕ್ರಮವಾಗಿ ತಿಳಿದುಕೊಳ್ಳುವುದು ಒಳ್ಳೆಯದೆಂದು ಈ ಲೇಖನ.

ಇದನ್ನು ಬರೆಯುತ್ತಿರುವವನು ವೈದ್ಯನಲ್ಲ. ಆದರೆ ಹನ್ನೊಂದು ವರ್ಷಗಳಿಂದ ನನ್ನ ಎರಡೂ ಮೀನಖಂಡಗಳು ಹಗಲುರಾತ್ರಿ ಅದುರುತ್ತಲೇ ಇವೆ. ಪಂಚೆ ಮೇಲೆತ್ತಿ ನೋಡಿದರೆ ಚರ್ಮದ ಕೆಳಗೆ ಹುಳು ಹರಿದಂತೆ ಕಾಣುತ್ತದೆ. ತೋಟದ ಕೆಲಸವೂ ಸಂಘದ ಕೆಲಸವೂ ನಡೆದೇ ಇವೆ. ಈ ಅವಧಿಯಲ್ಲಿ ವೈದ್ಯರಿಂದ ಕೇಳಿ, ಓದಿ ತಿಳಿದದ್ದನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇನೆ.

ಅದುರುವುದೆಂದರೆ ಏನು?

ಬಲಗಣ್ಣು ಹಾರಿದರೆ ಗಂಡಸರಿಗೆ ಶುಭ, ಎಡಗಣ್ಣು ಹಾರಿದರೆ ಹೆಂಗಸರಿಗೆ ಶುಭ ಎಂದು ಶಕುನ ನೋಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಈ ಅದುರುವಿಕೆ ಮನುಷ್ಯನಿಗೆ ಎಷ್ಟು ಹಳೆಯ ಪರಿಚಯ ಎಂಬುದಕ್ಕೆ ಅದೇ ಸಾಕ್ಷಿ. ವೈದ್ಯರು ಇದನ್ನು ಫ್ಯಾಸಿಕ್ಯುಲೇಷನ್ ಎನ್ನುತ್ತಾರೆ.

ಬೆನ್ನುಹುರಿಯಲ್ಲಿರುವ ಒಂದೊಂದು ನರಕೋಶದಿಂದ ಒಂದೊಂದು ಉದ್ದನೆಯ ತಂತು ಹೊರಟು, ಸ್ನಾಯುವನ್ನು ಸೇರಿದ ಮೇಲೆ ಕವಲೊಡೆದು ಹಲವಾರು ಸ್ನಾಯು ಎಳೆಗಳನ್ನು ಹಿಡಿದುಕೊಂಡಿರುತ್ತದೆ. ಕಣ್ಣುಗುಡ್ಡೆ ತಿರುಗಿಸುವ ಸಣ್ಣ ಸ್ನಾಯುವಿನಲ್ಲಿ ಒಂದು ತಂತುವಿನ ವಶದಲ್ಲಿ ಹತ್ತಾರು ಎಳೆಗಳು ಮಾತ್ರ. ಮೀನಖಂಡದಂಥ ದೊಡ್ಡ ಸ್ನಾಯುವಿನಲ್ಲಿ ಸಾವಿರಕ್ಕೂ ಹೆಚ್ಚು. ನಾವು ಕಾಲೆತ್ತಬೇಕೆಂದುಕೊಂಡಾಗ ಮೇಲಿನಿಂದ ಅಪ್ಪಣೆ ಬರುತ್ತದೆ, ಎಳೆಗಳೆಲ್ಲ ಒಟ್ಟಿಗೆ ಸೆಳೆಯುತ್ತವೆ. ಕೆಲವೊಮ್ಮೆ ಯಾವ ಅಪ್ಪಣೆಯೂ ಇಲ್ಲದೆ ತಂತುವಿನ ತುದಿ ತಾನಾಗಿ ಕಿಡಿ ಹಾರಿಸಿಬಿಡುತ್ತದೆ. ಆಗ ಅದರ ವಶದಲ್ಲಿರುವ ಎಳೆಗಳು ಒಮ್ಮೆ ಸೆಳೆದು ಬಿಡುತ್ತವೆ. ನಮಗೆ ಕಾಣುವ ಹಾರಾಟ ಇಷ್ಟೆ. ಆಯಾಸ, ನಿದ್ದೆಗೇಡು, ಚಿಂತೆ, ಹೆಚ್ಚು ಕಾಫಿ, ಮೈಯ ಉಪ್ಪುನೀರಿನ ಏರುಪೇರು, ಕೆಲವು ಔಷಧ, ಕೆಲವು ವಿಷ ಇವೆಲ್ಲ ಈ ತುದಿಯನ್ನು ಕೆರಳಿಸಬಲ್ಲವು. ಆರೋಗ್ಯವಂತರಲ್ಲಿ ಬಹುಪಾಲು ಜನರಿಗೆ ಎಂದಾದರೊಮ್ಮೆ ಇದು ಬಂದೇ ಬರುತ್ತದೆ. ಕೆಲವರಲ್ಲಿ ಮಾತ್ರ ಬಂದು ನೆಲೆಯೂರುತ್ತದೆ.

ಎಲ್ಲರನ್ನೂ ಕಾಡುವ ಒಂದು ಭಯ

ಇತ್ತೀಚೆಗೆ ಮೊಬೈಲಿನಲ್ಲಿ ಹುಡುಕುವ ಅಭ್ಯಾಸ ಬಂದಿದೆ. 'ಸ್ನಾಯು ಅದುರುವುದು' ಎಂದು ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಎ.ಎಲ್.ಎಸ್. ಎಂಬ ಮಾರಕ ಕಾಯಿಲೆಯ ಹೆಸರು. ಅದರಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳೇ ಕ್ಷಯಿಸುತ್ತವೆ. ಇದನ್ನು ಓದಿದ ದಿನದಿಂದ ನಿದ್ದೆ ಹೋಗುತ್ತದೆ, ನಿದ್ದೆ ಹೋದ ಮೇಲೆ ಅದುರು ಇಮ್ಮಡಿಯಾಗುತ್ತದೆ, ಇಮ್ಮಡಿಯಾದದ್ದನ್ನು ಕಂಡು ಭಯ ಇನ್ನೂ ಹೆಚ್ಚುತ್ತದೆ.

ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಹೀಗಿದೆ. ಅಪಾಯವಿಲ್ಲದ ಅದುರುವಿಕೆಯೂ ಸ್ನಾಯು ಸೆಳೆತವೂ ಒಟ್ಟಿಗೆ ಬರುವುದುಂಟೆಂದು ಡೆನಿ-ಬ್ರೌನ್ ಮತ್ತು ಫೋಲಿ ಎಂಬ ವೈದ್ಯರು 1948ರಲ್ಲೇ ಬರೆದಿಟ್ಟರು. ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ಇಂಥ 121 ಮಂದಿಯನ್ನು 2 ವರ್ಷದಿಂದ 32 ವರ್ಷದವರೆಗೆ ಗಮನಿಸಿ 1993ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಒಬ್ಬರಿಗೂ ಆ ಮಾರಕ ಕಾಯಿಲೆ ಬರಲಿಲ್ಲ. ಆ 121 ಮಂದಿಯಲ್ಲಿ ವೈದ್ಯಕೀಯ ವೃತ್ತಿಯವರು ಸಾಕಷ್ಟು ಇದ್ದರು. ಕಾಯಿಲೆಯ ಹೆಸರು ಗೊತ್ತಿದ್ದವರಿಗೇ ಭಯವೂ ಹೆಚ್ಚು ಎಂಬುದು ಇದರಿಂದ ತಿಳಿಯುತ್ತದೆ.

ಮಾರಕ ಕಾಯಿಲೆಯಲ್ಲಿ ಮುಖ್ಯವಾದದ್ದು ಅದುರುವಿಕೆಯಲ್ಲ, ಶಕ್ತಿಗುಂದುವುದು. ಆದ್ದರಿಂದ ಕೆಳಗಿನ ಲಕ್ಷಣಗಳಲ್ಲಿ ಯಾವುದಾದರೂ ಕಂಡುಬಂದರೆ ತಡಮಾಡದೆ ನರರೋಗ ತಜ್ಞರನ್ನು ಕಾಣಬೇಕು:

1. ಒಂದು ಕೈಯಲ್ಲಿ ಅಂಗಿಯ ಗುಂಡಿ ಹಾಕಲು, ಬೀಗದ ಕೈ ತಿರುಗಿಸಲು, ಕತ್ತಿ ಹಿಡಿಯಲು ಶಕ್ತಿ ಸಾಲದಿರುವುದು, ಅದು ವಾರದಿಂದ ವಾರಕ್ಕೆ ಹೆಚ್ಚುತ್ತಿರುವುದು.
2. ನಡೆಯುವಾಗ ಪಾದ ಎತ್ತಲಾರದೆ ಎಡವುವುದು, ಕಾಲೆಳೆಯುವುದು.
3. ಹೆಬ್ಬೆರಳಿನ ಬುಡ, ತೋಳು, ತೊಡೆ ಮೊದಲಾದ ಕಡೆ ಮಾಂಸಖಂಡ ಕರಗಿ ಗುಳಿಬೀಳುವುದು.
4. ಮಾತು ತೊದಲುವುದು, ನೀರು ಕುಡಿದರೆ ನೆತ್ತಿಗೆ ಹತ್ತುವುದು.
5. ಸ್ಪರ್ಶ ತಿಳಿಯದಿರುವುದು, ಮಲಮೂತ್ರದ ಹಿಡಿತ ತಪ್ಪುವುದು.

ಇವು ಯಾವುವೂ ಇಲ್ಲದೆ, ವೈದ್ಯರು ಮೈ ಮುಟ್ಟಿ ಪರೀಕ್ಷಿಸಿ ಶಕ್ತಿ ಸರಿಯಾಗಿದೆ ಎಂದಿದ್ದರೆ, ಬೇಕೆನಿಸಿದಲ್ಲಿ ಸೂಜಿ ಚುಚ್ಚಿ ನೋಡುವ ಇ.ಎಂ.ಜಿ. ಪರೀಕ್ಷೆಯಲ್ಲೂ ಸರಿಯೆಂದು ಬಂದಿದ್ದರೆ, ಆ ಬಾಗಿಲನ್ನು ಮುಚ್ಚಿಬಿಡಬೇಕು. ಪ್ರತಿ ತಿಂಗಳೂ ತೆರೆದು ನೋಡಬಾರದು.

ಮೊದಲು ಸಿಂಪಡಣೆಯ ಲೆಕ್ಕ ನೋಡಿ

ಪೇಟೆಯ ವೈದ್ಯರು ಎಷ್ಟೋ ಸಲ ಕೇಳದಿರುವ, ಆದರೆ ನಾವು ತಪ್ಪದೆ ಹೇಳಬೇಕಾದ ಒಂದು ವಿಷಯವಿದೆ. ಅದು ಕೀಟನಾಶಕ.

ಕ್ವಿನಾಲ್ಫಾಸ್, ಕ್ಲೋರ್‌ಪೈರಿಫಾಸ್, ಡೈಮಿಥೋಯೇಟ್ ಮುಂತಾದವು ಸಾವಯವ ರಂಜಕ ವರ್ಗದ ವಿಷಗಳು. ನರದ ತುದಿಯಿಂದ ಸ್ನಾಯುವಿಗೆ ಅಪ್ಪಣೆ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವಿದೆ. ಕೆಲಸ ಮುಗಿದೊಡನೆ ಅದನ್ನು ಕತ್ತರಿಸಿ ಹಾಕುವ ಕಿಣ್ವವೊಂದಿದೆ. ಈ ವಿಷಗಳು ಆ ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ಅಪ್ಪಣೆ ನಿಲ್ಲುವುದೇ ಇಲ್ಲ, ಸ್ನಾಯು ಅದುರುತ್ತಲೇ ಇರುತ್ತದೆ. ಕೀಟ ಸಾಯುವುದೂ ಹೀಗೆಯೇ, ಸಿಂಪಡಿಸುವವನಿಗೆ ತೊಂದರೆಯಾಗುವುದೂ ಹೀಗೆಯೇ. ಚರ್ಮದ ಮೂಲಕವೂ ಇದು ಒಳಸೇರುತ್ತದೆ. ಬೆನ್ನಿನ ಪಂಪಿನಿಂದ ಸೋರಿ ಅಂಗಿ ನೆನೆದರೆ ಸಾಕು.

ಮೈ ಅದುರುವುದರ ಜೊತೆಗೆ ಬಾಯಲ್ಲಿ ನೀರು ಸುರಿಯುವುದು, ವಿಪರೀತ ಬೆವರು, ಕಣ್ಣಿನ ಪಾಪೆ ಸಣ್ಣದಾಗಿ ಮಂಜು ಕವಿಯುವುದು, ವಾಂತಿ, ಎದೆ ಬಿಗಿತ ಇವು ಸೇರಿದರೆ ಅದು ವಿಷಬಾಧೆ. ಬಟ್ಟೆ ಕಳಚಿಸಿ, ಸೋಪು ನೀರಿನಲ್ಲಿ ಮೈ ಚೆನ್ನಾಗಿ ತೊಳೆದು, ಔಷಧದ ಡಬ್ಬಿಯನ್ನು ಚೀಟಿ ಸಮೇತ ಹಿಡಿದುಕೊಂಡು ಆಸ್ಪತ್ರೆಗೆ ಒಯ್ಯಬೇಕು. ಅಟ್ರೋಪಿನ್ ಚುಚ್ಚುಮದ್ದಿನಿಂದ ಜೀವ ಉಳಿಯುತ್ತದೆ. ಚೇತರಿಸಿಕೊಂಡಂತೆ ಕಂಡರೂ ಮನೆಗೆ ಕರೆತರಲು ಅವಸರ ಮಾಡಬಾರದು. ಒಂದರಿಂದ ನಾಲ್ಕು ದಿನಗಳ ನಡುವೆ ಕುತ್ತಿಗೆ ಎತ್ತಲಾಗದಂಥ ನಿಶ್ಶಕ್ತಿ, ಉಸಿರಾಟದ ತೊಂದರೆ ಬರುವುದುಂಟೆಂದು ಶ್ರೀಲಂಕಾದ ವೈದ್ಯರು 1987ರಲ್ಲಿ ತೋರಿಸಿಕೊಟ್ಟಿದ್ದಾರೆ.

ಇದು ದೊಡ್ಡ ಪ್ರಮಾಣದ ಮಾತಾಯಿತು. ಸಣ್ಣ ಪ್ರಮಾಣದಲ್ಲಿ ವಾರಗಟ್ಟಲೆ ಮೈಗೆ ಸೋಕಿದರೂ ಆ ಕಿಣ್ವ ದಿನದಿನಕ್ಕೆ ಇಳಿಯುತ್ತ ಹೋಗುತ್ತದೆ. ಮತ್ತೆ ತುಂಬಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಆದ್ದರಿಂದ ಅದುರು ಇರುವವರು ಸಿಂಪಡಣೆಯ ದಿನಗಳನ್ನು ಡೈರಿಯಲ್ಲಿ ಗುರುತಿಸಿಕೊಳ್ಳಬೇಕು. ಸಿಂಪಡಣೆ ಆದ ವಾರ ಹೆಚ್ಚುತ್ತದೆಯೇ, ಮಳೆಗಾಲದಲ್ಲಿ ಔಷಧ ಮುಟ್ಟದಿದ್ದಾಗ ಇಳಿಯುತ್ತದೆಯೇ ನೋಡಬೇಕು. ಹೌದೆಂದಾದರೆ ವೈದ್ಯರಿಗೆ ತಿಳಿಸಿ ಕೋಲಿನೆಸ್ಟರೇಸ್ ಎಂಬ ರಕ್ತಪರೀಕ್ಷೆ ಮಾಡಿಸಬೇಕು, ಆ ಕೆಲಸದಿಂದ ದೂರವಿರಬೇಕು. ವರ್ಷವಿಡೀ ಒಂದೇ ಸಮನಾಗಿದ್ದರೆ ಕಾರಣ ಬೇರೆ ಇರಬೇಕು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತು ಮತ್ತು ಸುಣ್ಣದ ಮಿಶ್ರಣ. ಅದು ಈ ವರ್ಗಕ್ಕೆ ಸೇರಿದ್ದಲ್ಲ.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡುವುದನ್ನು ಮರೆಯಬೇಡಿ. ಕೆಂಪು ಅತ್ಯಂತ ವಿಷ, ನಂತರ ಕ್ರಮವಾಗಿ ಹಳದಿ, ನೀಲಿ, ಹಸಿರು. ಬೇರುಹುಳಕ್ಕೆಂದು ಹಿಂದೆ ಅಡಿಕೆ ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಹರಳು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧವಾಗಿದೆ. ಅಟ್ಟದ ಮೇಲೆ ಹಳೆಯ ಪೊಟ್ಟಣ ಉಳಿದಿದ್ದರೆ ಅದನ್ನು ಬಳಸಕೂಡದು.

ತಿಳಿದುಕೊಳ್ಳಬೇಕಾದ ಇತರ ಕಾರಣಗಳು

ಅದುರಿಗಾಗಲಿ, ಮೈಕೈ ನೋವಿಗಾಗಲಿ 'ಕಾರಣವಿಲ್ಲ' ಎನ್ನುವ ಮುನ್ನ ಕೆಳಗಿನವನ್ನು ಒಮ್ಮೆ ನೋಡಿಕೊಳ್ಳಬೇಕು. ಇವುಗಳಲ್ಲಿ ಹೆಚ್ಚಿನವಕ್ಕೆ ಸುಲಭ ಪರಿಹಾರವಿದೆ.

1. ಥೈರಾಯ್ಡ್ ಗ್ರಂಥಿ: ಕಡಿಮೆಯಾದರೆ ಮೈನೋವು, ಸೆಳೆತ, ಜಡತೆ. ಹೆಚ್ಚಾದರೆ ನಡುಕ, ತೂಕ ಇಳಿಕೆ.

2. ಬಿ 12 ಜೀವಸತ್ವ: ಮೀನು ಮಾಂಸ ಮುಟ್ಟದವರಲ್ಲಿ ಇದರ ಕೊರತೆ ಸಾಮಾನ್ಯ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಹೊಟ್ಟೆಯುರಿಯ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವವರಲ್ಲಿ ಇನ್ನೂ ಹೆಚ್ಚು. ಪಾದದಲ್ಲಿ ಜೋಮು, ಉರಿ ಇದರ ಗುರುತು.

3. ಡಿ ಜೀವಸತ್ವ: ಸೊಂಟ, ತೊಡೆ ನೋವು, ಕುಳಿತಲ್ಲಿಂದ ಏಳಲು ಕಷ್ಟ. ಮಳೆಗಾಲದಲ್ಲಿ ಬಿಸಿಲು ಕಾಣದ, ಉಳಿದ ಕಾಲದಲ್ಲೂ ಮರದ ನೆರಳಿನಲ್ಲೇ ಕೆಲಸ ಮಾಡುವ ನಮ್ಮ ಕಡೆಯವರು ಇದನ್ನು ನೆನಪಿಡಬೇಕು.

4. ಲವಣಗಳು: ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷಿಯಂ ಇಳಿದರೆ ಅದುರೂ ಸೆಳೆತವೂ ಬರುತ್ತವೆ. ಭೇದಿಯಾದ ಮೇಲೆ, ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಯಿಂದ, ಸುಗ್ಗಿಯಲ್ಲಿ ಬೆವರು ಸುರಿಸಿ ಬರೀ ನೀರು ಕುಡಿಯುವುದರಿಂದ ಹೀಗಾಗಬಹುದು.

5. ಔಷಧಗಳು: ಕೊಲೆಸ್ಟರಾಲಿಗೆ ಕೊಡುವ ಸ್ಟಾಟಿನ್ ಮಾತ್ರೆಯಿಂದ ಕೆಲವರಿಗೆ ಸ್ನಾಯು ನೋವು ಬರುತ್ತದೆ. ಉಬ್ಬಸದ ಸಾಲ್ಬುಟಮಾಲ್‌ನಿಂದ ನಡುಕ, ಸೆಳೆತ ಬರಬಹುದು. ತಾವಾಗಿ ನಿಲ್ಲಿಸಬಾರದು, ವೈದ್ಯರಿಗೆ ಹೇಳಬೇಕು.

6. ಐವತ್ತು ದಾಟಿದವರಿಗೆ ಬೆಳಗ್ಗೆ ಏಳುವಾಗ ಎರಡೂ ಭುಜ, ಎರಡೂ ಸೊಂಟದ ಕೀಲು ಬಿಗಿದುಕೊಂಡು ತೋಳೆತ್ತಲು ಆಗದಿದ್ದರೆ ಪಾಲಿಮಯಾಲ್ಜಿಯಾ ಎಂಬ ಉರಿಯೂತವಿರಬಹುದು. ಇ.ಎಸ್.ಆರ್. ರಕ್ತಪರೀಕ್ಷೆಯಲ್ಲಿ ಸುಳಿವು ಸಿಗುತ್ತದೆ, ಸರಿಯಾದ ಔಷಧಕ್ಕೆ ಬೇಗ ಜಗ್ಗುತ್ತದೆ.

7. ಜ್ವರದೊಂದಿಗೆ ಬಂದ ನೋವು ಬೇರೆಯೇ ವಿಷಯ. ಇಲಿಜ್ವರದಲ್ಲಿ ಮೀನಖಂಡ ಮುಟ್ಟಗೊಡುವುದಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯಲ್ಲೂ ತೀವ್ರ ಮೈನೋವು ಇರುತ್ತದೆ. ಇಲ್ಲಿ ಒಂದು ದಿನವೂ ಕಾಯಬಾರದು. ಇನ್ನು ಚಿಕುನ್‌ಗುನ್ಯ ಜ್ವರ ಬಿಟ್ಟ ಮೇಲೂ ಕೀಲುನೋವು ತಿಂಗಳುಗಟ್ಟಲೆ ಉಳಿಯುತ್ತದೆಂಬುದು 2006ರಲ್ಲಿ ಅದು ನಮ್ಮ ರಾಜ್ಯದಲ್ಲಿ ಹಬ್ಬಿದಾಗ ಅನೇಕರ ಅನುಭವಕ್ಕೆ ಬಂತು.

ನಾವು ಬೆಳೆಯುವ ಎರಡು ಬೆಳೆಗಳ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಕಾಫಿಯ ಕೆಫೀನ್ ನರವನ್ನು ಚುರುಕುಗೊಳಿಸುತ್ತದೆ. ಅರೇಬಿಕಾ ಬೀಜದಲ್ಲಿ ಸುಮಾರು ನೂರಕ್ಕೆ 1.2 ಭಾಗ ಕೆಫೀನ್ ಇದ್ದರೆ ರೋಬಸ್ಟಾದಲ್ಲಿ ಸುಮಾರು 2.2 ಭಾಗ. ಚಿಕೋರಿಯಲ್ಲಿ ಇಲ್ಲ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ನಾಲ್ಕಕ್ಕೆ ಕುಡಿದ ಲೋಟದ ಅರ್ಧ ರಾತ್ರಿ ಒಂಬತ್ತಕ್ಕೂ ರಕ್ತದಲ್ಲಿರುತ್ತದೆ. ಕಾಫಿ ಬಿಡಿ ಎಂದು ಕಾಫಿ ಬೆಳೆಗಾರ ಹೇಳಬೇಕಾಗಿಲ್ಲ. ಅದುರು ಇರುವವರು ದಿನಕ್ಕೆ ಎರಡು ಲೋಟಕ್ಕೆ, ಅದೂ ಮಧ್ಯಾಹ್ನದೊಳಗೆ ನಿಲ್ಲಿಸಿ ಒಂದು ತಿಂಗಳು ನೋಡುವುದು ಒಳ್ಳೆಯದು. ಒಮ್ಮೆಲೇ ಪೂರ್ತಿ ಬಿಟ್ಟರೆ ತಲೆನೋವು ಬರುವುದರಿಂದ ಹಂತಹಂತವಾಗಿ ಇಳಿಸಬೇಕು. ಅಡಿಕೆಯಲ್ಲಿರುವ ಅರೆಕೋಲಿನ್ ಕೂಡ ನರವನ್ನು ಕೆರಳಿಸುವ ವಸ್ತುವೇ. ತಂಬಾಕಿನೊಂದಿಗೆ ಸೇರಿದರೆ ಇನ್ನೂ ಹೆಚ್ಚು. ರಾತ್ರಿ ಕವಳ ಹಾಕಿ ಮಲಗುವ ಅಭ್ಯಾಸವನ್ನು ಇಂಥವರು ಬಿಡಬೇಕು.

ಕಾರಣ ಸಿಗದ ನೋವು ಸುಳ್ಳು ನೋವಲ್ಲ

ಇಷ್ಟೆಲ್ಲ ನೋಡಿಯೂ ಏನೂ ಸಿಗದವರು ಉಳಿಯುತ್ತಾರೆ. ಇವರಿಗೆ 'ನಿಮಗೇನೂ ಇಲ್ಲ' ಎಂದು ಹೇಳಿ ಕಳಿಸುವುದು ರೂಢಿ. ದೊಡ್ಡ ಪೇಟೆಯ ವೈದ್ಯರೊಬ್ಬರು ನನಗೂ ಎರಡು ನಿಮಿಷದಲ್ಲಿ ಅದನ್ನೇ ಹೇಳಿ ಮುಂದಿನವರನ್ನು ಕರೆದರು. ಏನೂ ಇಲ್ಲವೆಂಬುದಕ್ಕೂ ಅಪಾಯವಿಲ್ಲವೆಂಬುದಕ್ಕೂ ಬಹಳ ವ್ಯತ್ಯಾಸವಿದೆ.

ನಮ್ಮ ಮಲೆನಾಡಿನಲ್ಲೇ ಇದಕ್ಕೊಂದು ಪಾಠವಿದೆ. ಸಾಗರ ತಾಲ್ಲೂಕಿನ ಹಂದಿಗೋಡು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 1970ರ ದಶಕದ ನಡುವೆ ಅನೇಕ ಬಡ ಕುಟುಂಬಗಳ ಜನ ಸೊಂಟ, ಮಂಡಿ ನೋವಿನಿಂದ ನಡೆಯಲಾರದಾದರು. ಗದ್ದೆಯ ಏಡಿ ತಿಂದು ಕೀಟನಾಶಕ ಒಳಸೇರಿತೆಂಬ ಊಹೆ ಮೊದಲು ಬಂತು. ಮುಂದೆ ನಡೆದ ಸಂಶೋಧನೆಗಳಿಂದ ಅದು ವಂಶವಾಹಿಯಾಗಿ ಬರುವ ಮೂಳೆಕೀಲಿನ ದೋಷವೆಂದು ತಿಳಿಯಿತು. ಕಾರಣ ಗೊತ್ತಿಲ್ಲದಿದ್ದ ಅಷ್ಟೂ ವರ್ಷ ಆ ನೋವು ನಿಜವಾಗಿಯೇ ಇತ್ತು.

ಮೈಯೆಲ್ಲ ನೋವು, ಎಷ್ಟು ಮಲಗಿದರೂ ಹೋಗದ ಆಯಾಸ, ಬೆಳಗಿನ ಬಿಗಿತ, ಮರೆವು ಇವು ಮೂರು ತಿಂಗಳಿಗಿಂತ ಹೆಚ್ಚು ಕಾಲ ಒಟ್ಟಿಗಿದ್ದರೆ ಅದಕ್ಕೆ ಫೈಬ್ರೋಮಯಾಲ್ಜಿಯಾ ಎಂಬ ಹೆಸರಿದೆ. ನೂರು ಜನರಲ್ಲಿ ಇಬ್ಬರು ಮೂವರಿಗೆ ಇರುವ ಅಂದಾಜು. ಹೆಂಗಸರಲ್ಲಿ ಹೆಚ್ಚು. ಅದುರು ಇರುವವರಲ್ಲೂ ಕೆಲವರಿಗೆ ಇದು ಜೊತೆಗೂಡುತ್ತದೆ. ಇಲ್ಲಿ ಸ್ನಾಯುವಿನಲ್ಲಿ ಗಾಯವಿಲ್ಲ, ಉರಿಯೂತವಿಲ್ಲ, ಅದಕ್ಕೇ ಸ್ಕ್ಯಾನಿಂಗಿನಲ್ಲಿ ಏನೂ ಕಾಣುವುದಿಲ್ಲ. ನೋವಿನ ಸುದ್ದಿಯನ್ನು ಅಳೆದು ಮೆದುಳಿಗೆ ಮುಟ್ಟಿಸುವ ವ್ಯವಸ್ಥೆಯೇ ಅತಿ ಸೂಕ್ಷ್ಮವಾಗಿರುತ್ತದೆ. ತಕ್ಕಡಿಯ ಮುಳ್ಳು ಕೆಟ್ಟರೆ ಒಂದು ಕಿಲೋ ಇಟ್ಟಾಗ ಐದು ಕಿಲೋ ತೋರಿಸುವಂತೆ ಇದು. ಮೂಟೆಯನ್ನು ಎಷ್ಟು ಬಿಚ್ಚಿ ನೋಡಿದರೂ ತಪ್ಪು ಸಿಗುವುದಿಲ್ಲ.

ನಿದ್ದೆಗೂ ಇದಕ್ಕೂ ಇರುವ ನಂಟನ್ನು ಕೆನಡಾದ ಮೋಲ್ಡೋಫ್‌ಸ್ಕಿ ಎಂಬ ವೈದ್ಯರು 1975ರಲ್ಲಿ ತೋರಿಸಿದರು. ಆರೋಗ್ಯವಂತ ವಿದ್ಯಾರ್ಥಿಗಳು ಗಾಢ ನಿದ್ದೆಗೆ ಜಾರದಂತೆ ಕೆಲವು ರಾತ್ರಿ ತಡೆದಾಗ ಅವರಿಗೂ ಮೈಕೈ ನೋವು, ಆಯಾಸ ಕಾಣಿಸಿಕೊಂಡಿತು. ನಿದ್ದೆ ಮರಳಿದಾಗ ಹೋಯಿತು. ಸುಗ್ಗಿಯ ಕಾಲದಲ್ಲಿ ಅಡಿಕೆ ಸುಲಿದು ಬೇಯಿಸಿ, ನಡುರಾತ್ರಿಗೆ ಮಲಗಿ, ಕೋಳಿ ಕೂಗುವ ಮುನ್ನ ಏಳುವ ನಮ್ಮ ಮನೆಗಳ ಹೆಂಗಸರ ಮೈನೋವಿಗೆ ಇದಕ್ಕಿಂತ ಬೇರೆ ವಿವರಣೆ ಎಷ್ಟೋ ಸಲ ಬೇಕಾಗುವುದಿಲ್ಲ.

ಬಾಳುವ ಕ್ರಮ

ಯುರೋಪಿನ ಸಂಧಿವಾತ ತಜ್ಞರು 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಈ ನೋವಿಗಿರುವ ಎಲ್ಲ ಚಿಕಿತ್ಸೆಗಳಲ್ಲಿ ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮವೊಂದನ್ನೇ. 'ದಿನವಿಡೀ ತೋಟದಲ್ಲಿ ದುಡಿಯುವವರಿಗೆ ಎಂಥ ವ್ಯಾಯಾಮ?' ಎಂದು ಸದಸ್ಯರು ಕೇಳುವುದುಂಟು. ತೋಟದ ಕೆಲಸ ಹೊರೆ, ವ್ಯಾಯಾಮವಲ್ಲ. ಕೆಲಸ ಒಂದು ದಿನ ವಿಪರೀತ, ಮರುದಿನ ಶೂನ್ಯ. ಒಂದೇ ಕೈ, ಒಂದೇ ಭುಜ, ಒಂದೇ ಭಂಗಿ. ವ್ಯಾಯಾಮ ದಿನವೂ ಒಂದೇ ಅಳತೆ, ಮೈಯ ಎರಡೂ ಬದಿಗೆ ಸಮನಾಗಿ. ಮಟ್ಟಸವಾದ ದಾರಿಯಲ್ಲಿ ಹತ್ತು ನಿಮಿಷ ನಡೆಯುವುದರಿಂದ ಆರಂಭಿಸಿ, ವಾರಕ್ಕೆ ಎರಡೆರಡು ನಿಮಿಷ ಏರಿಸಬೇಕು. ಮೊದಲ ಎರಡು ಮೂರು ವಾರ ನೋವು ಸ್ವಲ್ಪ ಹೆಚ್ಚಾದಂತೆ ಅನ್ನಿಸಬಹುದು, ಬಿಡಬಾರದು.

ಎರಡನೆಯದು ಕೆಲಸದ ಹಂಚಿಕೆ. ಒಂದು ವರ್ಷ ಅತಿಯಾಗಿ ಕಾಯಿ ಹೊತ್ತ ಕಾಫಿ ಗಿಡ ಮರುವರ್ಷ ರೆಂಬೆ ಒಣಗಿಸಿಕೊಂಡು ನಿಲ್ಲುವುದು ನಮಗೆ ಗೊತ್ತು. ಮೈಯೂ ಹಾಗೆಯೇ. ನೋವು ಕಡಿಮೆಯಿದ್ದ ದಿನ ಉತ್ಸಾಹದಿಂದ ಮೂರು ದಿನದ ಕೆಲಸ ಮಾಡಿ ಮುಗಿಸಿ, ಆಮೇಲೆ ನಾಲ್ಕು ದಿನ ಹಾಸಿಗೆ ಹಿಡಿಯುವುದು ಈ ಕಾಯಿಲೆಯವರ ಸಾಮಾನ್ಯ ರೀತಿ. ಒಳ್ಳೆಯ ದಿನ ಅರ್ಧಕ್ಕೆ ನಿಲ್ಲಿಸಬೇಕು, ಕೆಟ್ಟ ದಿನವೂ ಕಾಲು ಭಾಗವಾದರೂ ಮಾಡಬೇಕು. ಕೆಟ್ಟ ದಿನಕ್ಕೆಂದು ಲೆಕ್ಕ ಬರೆಯುವುದು, ಬೀಜ ಆರಿಸುವುದು, ನರ್ಸರಿ ಚೀಲ ತುಂಬುವುದು ಮುಂತಾದ ಕುಳಿತು ಮಾಡುವ ಕೆಲಸಗಳನ್ನು ತೆಗೆದಿರಿಸುವುದು ಜಾಣತನ.

ಮೂರನೆಯದು ಭಂಗಿ ಮತ್ತು ಸಲಕರಣೆ. ಹದಿನಾರು ಲೀಟರಿನ ಪಂಪು ತುಂಬಿದರೆ ತನ್ನ ತೂಕವೂ ಸೇರಿ ಇಪ್ಪತ್ತು ಕಿಲೋ ಆಗುತ್ತದೆ. ಹತ್ತು ಲೀಟರು ತುಂಬಿ ಇನ್ನೊಂದು ಸುತ್ತು ಹೋಗಬಹುದು. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವವರು ಅರ್ಧ ಗಂಟೆಗೊಮ್ಮೆ ಎದ್ದು ಬೆನ್ನು ನೆಟ್ಟಗೆ ಮಾಡಬೇಕು. ಮರ ಹತ್ತುವ ಕಷ್ಟ ತಪ್ಪಿಸಿದ ಕಾರ್ಬನ್ ದೋಟಿ ಈಗ ಕುತ್ತಿಗೆ ನೋವು ತರುತ್ತಿದೆ. ಗಂಟೆಗಟ್ಟಲೆ ಮೇಲೆ ನೋಡುತ್ತ ಹಿಡಿಯದೆ ಇಬ್ಬರು ಸರದಿಯಲ್ಲಿ ಹಿಡಿಯುವುದು ಲೇಸು.

ನಾಲ್ಕನೆಯದು ರಾತ್ರಿ. ಮಲಗುವ ಹೊತ್ತು, ಏಳುವ ಹೊತ್ತು ಆದಷ್ಟೂ ಒಂದೇ ಇರಲಿ. ಮಲಗುವ ಮುನ್ನ ಗೋಡೆಗೆ ಕೈಯೂರಿ, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗಿ, ಮೀನಖಂಡವನ್ನು ಅರ್ಧ ನಿಮಿಷದಂತೆ ಮೂರು ಸಲ ಎಳೆದರೆ ರಾತ್ರಿ ಸೆಳೆತ ಕಡಿಮೆಯಾಗುತ್ತದೆ. ಬಿಸಿನೀರ ಸ್ನಾನ, ಬೆಚ್ಚಗಿನ ಎಣ್ಣೆ ತಿಕ್ಕುವುದು ಹಿತ ಕೊಡುತ್ತವೆ. ಕಾಯಿಲೆ ಕೀಳದಿದ್ದರೂ ಹಿತವೂ ಒಂದು ಲಾಭವೇ.

ಐದನೆಯದು, ಅದುರನ್ನು ಎಣಿಸುತ್ತ ಕೂರದಿರುವುದು. ಕೆಲಸದಲ್ಲಿದ್ದಾಗ ಗೊತ್ತಾಗದ ಅದುರು ಮಲಗಿದಾಗ ಎದ್ದುಕಾಣುತ್ತದೆ. ಹಂಚಿನ ಮೇಲೆ ಬೀಳುವ ಮಳೆಯ ಸದ್ದಿನಂತೆ ಅದನ್ನು ಅದರ ಪಾಡಿಗೆ ಬಿಡುವುದನ್ನು ಕಲಿಯಬಹುದು. ಕಾಲ ಹಿಡಿಯುತ್ತದೆ, ಆದರೆ ಬರುತ್ತದೆ.

ಔಷಧ ಮತ್ತು ಹಣ

ನೋವಿನ ಮಾತ್ರೆಗಳು ಇಂಥ ನೋವಿಗೆ ಅಷ್ಟಾಗಿ ನಾಟುವುದಿಲ್ಲ. ದಿನವೂ ನುಂಗಿದರೆ ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ ಬರಬಹುದು. ವೈದ್ಯರು ಅಮಿಟ್ರಿಪ್ಟಿಲಿನ್, ಡ್ಯುಲಾಕ್ಸೆಟಿನ್, ಪ್ರೀಗ್ಯಾಬಲಿನ್ ಮುಂತಾದವನ್ನು ಸಣ್ಣ ಪ್ರಮಾಣದಲ್ಲಿ ಕೊಡುವುದುಂಟು. ಔಷಧದಂಗಡಿಯಲ್ಲಿ ಇದು ಮನೋರೋಗದ ಮಾತ್ರೆ ಎಂದು ಹೇಳಿದರೆಂದು ಗಾಬರಿಯಾಗಬೇಕಿಲ್ಲ. ನೋವಿನ ದಾರಿಯ ಸದ್ದು ತಗ್ಗಿಸಲೆಂದೇ ಇವನ್ನು ಕೊಡುತ್ತಾರೆ.

ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ಪುಡಿ, ಗುಳಿಗೆಗಳನ್ನು ಮಾತ್ರ ಮುಟ್ಟಬೇಡಿ. ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟಿರಾಯ್ಡ್ ಸೇರಿರುವ ಸಂಶಯ ಪಡಬೇಕು. ಅದರಿಂದ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ಪಾದರಸ ಸೇರಿದ ಔಷಧಗಳಿಂದಲೇ ಸ್ನಾಯು ಅದುರುವ ನರರೋಗ ಬಂದ ಪ್ರಸಂಗಗಳು ವೈದ್ಯಕೀಯ ದಾಖಲೆಯಲ್ಲಿವೆ.

ಸಹಕಾರಿ ಸದಸ್ಯರಿಗೆಂದು 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ ಮುಖ್ಯವಾಗಿ ಶಸ್ತ್ರಚಿಕಿತ್ಸೆಗಾಗಿ ಹುಟ್ಟಿದ್ದು. ಇಂಥ ಕಾಯಿಲೆಯ ಖರ್ಚು ಬಹುಮಟ್ಟಿಗೆ ಕೈಯಿಂದಲೇ ಹೋಗುತ್ತದೆ. ಆದ್ದರಿಂದ ಒಬ್ಬರೇ ವೈದ್ಯರನ್ನು ಹಿಡಿದುಕೊಳ್ಳಿ, ಎಲ್ಲ ವರದಿಗಳನ್ನೂ ಒಂದೇ ಕಡತದಲ್ಲಿಡಿ. ಥೈರಾಯ್ಡ್, ಸಕ್ಕರೆ, ಬಿ 12, ಡಿ, ಲವಣಗಳು, ಇ.ಎಸ್.ಆರ್., ಸಿ.ಕೆ. ಎಂಬ ಸ್ನಾಯು ಕಿಣ್ವ ಇಷ್ಟರ ಪರೀಕ್ಷೆ ಒಮ್ಮೆ ಆಗಿ, ನರದ ಪರೀಕ್ಷೆ ಸರಿಯಿದ್ದರೆ, ಹೊಸ ಲಕ್ಷಣ ಬಾರದ ಹೊರತು ಮತ್ತೆ ಸ್ಕ್ಯಾನಿಂಗಿಗೆ ಹಣ ಹಾಕಬೇಡಿ.

ಮನೆಯವರಿಗೆ ಒಂದು ಮಾತು

ಹೊರಗೆ ಕಾಣುವ ಗಾಯವಿಲ್ಲದವರ ನೋವನ್ನು ನಂಬುವುದು ಕಷ್ಟ. ಮೈಗಳ್ಳತನ, ನಾಟಕ ಎಂಬ ಮಾತು ಬೇಗ ಬಂದುಬಿಡುತ್ತದೆ. ಸೊಸೆಯ ವಿಷಯದಲ್ಲಿ, ಕೂಲಿಯಾಳಿನ ವಿಷಯದಲ್ಲಿ ಇನ್ನೂ ಬೇಗ. ಈ ಮಾತಿಗೆ ಅಂಜಿ ಮೈಮೀರಿ ದುಡಿದು ಕಾಯಿಲೆ ಬಲಿಸಿಕೊಂಡವರಿದ್ದಾರೆ, ಹೇಳಿಕೊಳ್ಳದೆ ಒಳಗೇ ಕೊರಗಿದವರಿದ್ದಾರೆ. ಅತಿಯಾದ ಉಪಚಾರವೂ ಬೇಡ. ಎಲ್ಲ ಕೆಲಸವನ್ನೂ ಕಸಿದುಕೊಂಡು ಮೂಲೆಯಲ್ಲಿ ಕೂರಿಸಿದರೆ ನೋವು ಹೆಚ್ಚುತ್ತದೆ. ನಂಬಬೇಕು, ಕೆಲಸ ಹಂಚಿಕೊಳ್ಳಬೇಕು, ನಿದ್ದೆಗೆ ಬಿಡಬೇಕು. ನಿದ್ದೆಯಿಲ್ಲದೆ, ಊಟ ಸೇರದೆ, ಬದುಕೇ ಬೇಡವೆಂಬ ಮಾತು ಬಾಯಿಂದ ಬಂದರೆ ಅದನ್ನು ಹಗುರಾಗಿ ತೆಗೆದುಕೊಳ್ಳದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಅದುರಾಗಲಿ ನೋವಾಗಲಿ ಪೂರ್ತಿ ಹೋಗುತ್ತದೆಂದು ಯಾರೂ ಭರವಸೆ ಕೊಡಲಾರರು. ಹಲವರಿಗೆ ವರ್ಷಗಳು ಕಳೆದಂತೆ ತಗ್ಗುತ್ತದೆ, ಕೆಲವರಿಗೆ ಉಳಿಯುತ್ತದೆ. ಉಳಿದರೂ ಕೊಯ್ಲು ನಡೆಯುತ್ತದೆ, ಕಂತು ಕಟ್ಟಬಹುದು, ಮಕ್ಕಳ ಮದುವೆಯಲ್ಲಿ ಓಡಾಡಬಹುದು.

ಮುಂದಿನ ಸಿಂಪಡಣೆ ಆರಂಭವಾಗುವ ಮುನ್ನ ಸದಸ್ಯರು ತಮ್ಮ ಪಂಪು ಸೋರುತ್ತಿದೆಯೇ ನೋಡಿಕೊಳ್ಳಬೇಕು. ಔಷಧ ಹೊಡೆಯುವವರಿಗೆ ಕೈಗವಸು, ಉದ್ದ ತೋಳಿನ ಅಂಗಿ, ಮುಖವಸ್ತ್ರ ಕೊಡಬೇಕು. ಕೆಲಸ ಮುಗಿದೊಡನೆ ಸ್ನಾನಕ್ಕೆ ಸೋಪು, ಬಿಸಿನೀರು ಸಿದ್ಧವಿರಬೇಕು. ಸಿಂಪಡಣೆಯ ದಿನ ಯಾರ್ಯಾರು ಯಾವ ಔಷಧ ಹೊಡೆದರೆಂದು ಬರೆದಿಡಬೇಕು. ತಡೆಯಬಹುದಾದ ಕಾರಣವನ್ನು ತಡೆದ ಮೇಲೆ ಉಳಿದದ್ದನ್ನು ತಾಳಿಕೊಳ್ಳುವುದು ಸುಲಭವಾಗುತ್ತದೆ ಎಂದು ವಿನಂತಿ.